ಗೂಢಕೋಪ

ಗೂಢಕೋಪ : ಕೋಪವು ಮನಸ್ಸಿನಲ್ಲಿ ಮೂಡಿ ನೆಲೆಗೊಂಡಿದ್ದರೂ ಅದನ್ನು ಕೋಪವೆಂದು ಒಪ್ಪಿಕೊಳ್ಳದೆ, ಯಾರ ಮೇಲೆ ಮೂಡಿತೋ ಅವರ ಇದಿರಿನಲ್ಲಿ ಬಾಯಿಬಿಟ್ಟು ಆಡದೆ, ಮೌನ, ವಿಳಂಬ, ಮರೆವು, ಅತಿವಿನಯ, ಕೊಂಕುನುಡಿ, ಬೇಕೆಂದೇ ಕೆಡಿಸಿದ ಕೆಲಸ ಮೊದಲಾದ ಬಳಸುದಾರಿಗಳಿಂದ ತೀರಿಸಿಕೊಳ್ಳುವ ನಡವಳಿಕೆ. ಆಧುನಿಕ ಮನಶ್ಶಾಸ್ತ್ರದಲ್ಲಿ ಇದಕ್ಕೆ ನಿಷ್ಕ್ರಿಯ ಆಕ್ರಮಣಶೀಲತೆ ಎಂಬ ಹೆಸರುಂಟು. ಆದರೆ ಇದರಲ್ಲಿ ಕ್ರಿಯೆ ಇಲ್ಲವೆಂಬ ಭ್ರಾಂತಿಯನ್ನು ಆ ಹೆಸರು ಹುಟ್ಟಿಸುವುದರಿಂದಲೂ, ಮಾತು ಬಿಟ್ಟ ಮನೆಯಲ್ಲಿ ಒಂದು ವಾರ ಬಾಳಿದವರಿಗೆ ಆ ಮೌನವು ಎಷ್ಟು ಪರಿಶ್ರಮದಿಂದ ನಡೆಯುವ ಕಾರ್ಯವೆಂಬುದು ಚೆನ್ನಾಗಿ ತಿಳಿದಿರುವುದರಿಂದಲೂ, ಪ್ರಸ್ತುತ ಲೇಖನದಲ್ಲಿ ಗೂಢಕೋಪವೆಂಬ ಶಬ್ದವನ್ನೇ ಇಟ್ಟುಕೊಂಡಿದೆ. ಈ ನಡವಳಿಕೆಯ ಲಕ್ಷಣವು ಎರಡು ಅಂಶಗಳಲ್ಲಿ ಅಡಗಿದೆ: ನೋವು ಇದಿರಾಳಿಗೆ ತಲುಪಬೇಕು, ನೋಯಿಸಿದ ಹೊಣೆ ಮಾತ್ರ ತನಗೆ ತಗುಲಬಾರದು. ಆದಕಾರಣವೇ ಏನಾಯಿತೆಂದು ಕೇಳಿದಾಗ ಬರುವ ಉತ್ತರ ಎಲ್ಲ ಊರುಗಳಲ್ಲಿಯೂ ಒಂದೇ. ಕೊಪ್ಪಳ ಸೀಮೆಯಲ್ಲಿ ಅದು 'ಏನಿಲ್ಲ ಬಿಡ್ರಿ' ಎಂಬ ರೂಪದಲ್ಲಿ ಕೇಳಿಬರುತ್ತದೆ.

ಈ ವಿಷಯದ ವಿವೇಚನೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಆಡುನುಡಿಯನ್ನು ಆಧಾರವಾಗಿ ಹಿಡಿಯುವುದು ಉಚಿತ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ಇರುವ ನಾಡಿನ ಎಲ್ಲೆಗಳನ್ನು ಹೇಳುವಲ್ಲಿ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಎಣಿಸಿದ ಕೋಪಣನಗರವೇ ಇಂದಿನ ಕೊಪ್ಪಳ. ಅಂತಹ ನೆಲದ ಜನ ಕೋಪದ ಬಗೆಗಳನ್ನು ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿರುವರೆಂಬುದನ್ನು ಅವರ ಪದಗಳೇ ಸಾರುತ್ತವೆ. ಸಿಟ್ಟು ಎಂಬುದು ಮೇಲೆದ್ದು ಕಾಣುವ ಕೋಪ. ಬಂದಷ್ಟೇ ಬೇಗನೆ ಇಳಿಯುವುದೂ ಉಂಟು. ಮುನಿಸು ಹಾಗಲ್ಲ. ಹಳಗನ್ನಡದಲ್ಲಿ ಶತ್ರುವಿನ ಮೇಲಣ ಕ್ರೋಧಕ್ಕೂ ಸಲ್ಲುತ್ತಿದ್ದ ಈ ಶಬ್ದವು ಕ್ರಮೇಣ ತನ್ನವರ ಮೇಲಿನ, ಅದರಲ್ಲಿಯೂ ಯಾರು ಬಂದು ಸಂತೈಸಬೇಕೆಂಬ ನಿರೀಕ್ಷೆಯುಂಟೋ ಅವರ ಮೇಲಿನ ಕೋಪಕ್ಕೆ ಸೀಮಿತವಾಗಿದೆ. ಪರಕೀಯರ ಮೇಲೆ ಇಂದು ಯಾರೂ ಮುನಿಸಿಕೊಳ್ಳುವುದಿಲ್ಲ. ಸೆಡವು ಎಂಬುದು ಬಾಗದೆ ಸೆಟೆದು ನಿಂತ ಮುನಿಸು. ಕೊಂಕು, ಕುಹಕ, ಮೂದಲಿಕೆ, ಚುಚ್ಚುಮಾತು, ಹಂಗಿಸುವಿಕೆ ಇವು ಮಾತಿನ ಒಳಗೆ ಹುದುಗಿದ ಕೋಪದ ಭೇದಗಳು. ಇನ್ನು ಮಾತೇ ನಿಂತ ಸ್ಥಿತಿಗೆ 'ಮಾತು ಬಿಟ್ಟಾರ' ಎಂಬುದಕ್ಕಿಂತ ಸಮರ್ಥವಾದ ಪದ ಶಾಸ್ತ್ರಗ್ರಂಥಗಳಲ್ಲಿ ದೊರೆಯಲಾರದು: ಊರು ಬಿಟ್ಟಂತೆ, ಉಣ್ಣುವುದ ಬಿಟ್ಟಂತೆ, ಇದ್ದ ಸಂಬಂಧವೊಂದನ್ನು ತಿಳಿದೂ ತಿಳಿದೂ ತೊರೆದ ಭಾವ ಅದರಲ್ಲಿದೆ. ಕೋಪವು ಗುರಿ ತಪ್ಪಿ ದುರ್ಬಲನ ಮೇಲೆ ಬೀಳುವ ಬಗೆಗೆ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯಿದ್ದು, ಮನಶ್ಶಾಸ್ತ್ರಜ್ಞರು ಸ್ಥಾನಾಂತರವೆಂದು ವಿವರಿಸುವ ಪ್ರಕ್ರಿಯೆಯೆಲ್ಲ ಆ ಐದು ಮಾತುಗಳಲ್ಲಿ ಸೇರಿದೆ.

ಗೂಢಕೋಪದ ಮುಖ್ಯ ಕ್ಷೇತ್ರ ಮನೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಕ್ಕಲು ಮನೆಗಳಲ್ಲಿ ಮುಂಜಾನೆ ಜೋಳದ ರೊಟ್ಟಿ ಬಡಿಯುವ ಸದ್ದು ಪಡಸಾಲೆಯವರೆಗೆ ಕೇಳಿಸುತ್ತದೆ. ಆ ಸದ್ದಿಗೆ ಒಂದು ಲಯವುಂಟು, ಲಯ ತಪ್ಪಿದ ದಿನ ಪಡಸಾಲೆಯಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುವರು. ತಾಟು ಇಟ್ಟ ಸದ್ದು, ನೀರಿನ ತಂಬಿಗೆಯನ್ನು ಕೈಗೆ ಕೊಡದೆ ನೆಲಕ್ಕಿಟ್ಟ ರೀತಿ, ಪಲ್ಯಕ್ಕೆ ಇಮ್ಮಡಿಯಾದ ಉಪ್ಪು, ಗಂಡನೊಡನೆ ಆಡಬೇಕಾದ ಮಾತನ್ನು ಮಗುವಿನ ಮೂಲಕ ಕಳುಹಿಸುವುದು, ಮಗಳನ್ನು ಗದರಿಸುವ ನೆವದಲ್ಲಿ ಸೊಸೆಗೆ ಮುಟ್ಟಿಸುವುದು, ತವರಿಗೆ ಹೋದವಳು ಹೇಳಿದ ದಿನಕ್ಕೆ ಬಾರದೆ ಇರುವುದು, ಇವೆಲ್ಲವೂ ವಾಕ್ಯಗಳೇ. ಗಂಡಸರ ಗೂಢಕೋಪಕ್ಕೆ ಬೇರೆ ಬಗೆಯುಂಟು: ಉಣ್ಣದೆ ಎದ್ದು ಹೋಗುವುದು, ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂಡುವುದು, ಸಂತೆಯಿಂದ ತರಬೇಕಾದುದನ್ನು ಮರೆತು ಬರುವುದು, ನಿಶ್ಚಯವಾದ ಕಾರ್ಯಕ್ಕೆ ಹೊರಡುವ ಗಳಿಗೆಯಲ್ಲಿ ಇನ್ನಿಲ್ಲದ ಕೆಲಸ ತೆಗೆಯುವುದು. ಗಂಡಸಿಗೆ ಬಹಿರಂಗವಾಗಿ ಸಿಟ್ಟಾಗುವ ಅಧಿಕಾರವನ್ನು ಮನೆತನ ಕೊಟ್ಟಿದ್ದರೂ ಅವನು ಮರೆಯ ದಾರಿಯನ್ನು ಹಿಡಿಯುವುದೇಕೆಂಬ ಪ್ರಶ್ನೆಗೆ, ನೊಂದೆನೆಂದು ಹೇಳುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿಲ್ಲವೆಂಬುದೇ ಉತ್ತರ.

ಕಾರಣಗಳನ್ನು ಅರಸುವಾಗ ಸ್ವಭಾವದೋಷವೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಸುಲಭ. ಈ ಲೇಖಕನ ಅಭಿಪ್ರಾಯದಲ್ಲಿ ಗೂಢಕೋಪವು ಮೊದಲಿಗೆ ಮಾತಿನ ಬಾಗಿಲು ಮುಚ್ಚಿದ ಎಡೆಯಲ್ಲಿ ಹುಟ್ಟುವಂತಹುದು. ಸ್ವಭಾವವಾಗಿ ಮಾರ್ಪಡುವುದು ಆ ಬಳಿಕದ ಮಾತು. ಬಾಲ್ಯದಲ್ಲಿ ಅತ್ತರೆ ಪೆಟ್ಟು, ಎದುರು ಮಾತಾಡಿದರೆ ಊಟವಿಲ್ಲ ಎಂಬ ಶಿಸ್ತಿನಲ್ಲಿ ಬೆಳೆದ ಮಗು ಕೋಪವನ್ನು ಬಿಡುವುದನ್ನು ಕಲಿಯುವುದಿಲ್ಲ, ಅಡಗಿಸುವುದನ್ನು ಕಲಿಯುತ್ತದೆ. ಹೂಂ ಎಂದು ಶಾಲೆಗೆ ಹೊರಟು ಪಾಟಿಯನ್ನು ಮರೆತು ಬರುವುದು ಅದರ ಮೊದಲ ಪಾಠ. ಹಿರಿಯರ ಇದಿರು ಕಿರಿಯರು, ಗಂಡನ ಮನೆಯಲ್ಲಿ ಸೊಸೆ, ಒಡೆಯನ ಹೊಲದಲ್ಲಿ ಆಳು, ಮೇಲಧಿಕಾರಿಯ ಮುಂದೆ ಗುಮಾಸ್ತ ಇವರೆಲ್ಲರೂ ಅದೇ ಮಗುವಿನ ಸ್ಥಾನದಲ್ಲಿ ನಿಂತವರು.

ಈ ಭಾವವನ್ನು ಭಾರತೀಯ ಕಾವ್ಯಮೀಮಾಂಸಕರು ಬಹು ಹಿಂದೆಯೇ ಗುರುತಿಸಿದ್ದರು. ಭರತನ 'ನಾಟ್ಯಶಾಸ್ತ್ರ'ವು ಎಣಿಸುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಅವಹಿತ್ಥವೆಂಬುದು ಒಂದು. ಒಳಗಿನ ಭಾವವು ಹೊರಗೆ ತೋರದಂತೆ ಮುಚ್ಚಿಕೊಳ್ಳುವುದೇ ಅದರ ಅರ್ಥ. ಹತ್ತನೆಯ ಶತಮಾನದ ಧನಂಜಯನು 'ದಶರೂಪಕ'ದಲ್ಲಿ ತಪ್ಪು ಮಾಡಿ ಬಂದ ನಾಯಕನನ್ನು ನಾಯಿಕೆಯರು ಎದುರುಗೊಳ್ಳುವ ಪರಿಗಳನ್ನು ವಿಭಾಗಿಸುತ್ತ, ಬಯ್ಯುವವಳು ಒಬ್ಬಳು, ಅಳುವವಳು ಒಬ್ಬಳು, ನಗುತ್ತಲೇ ವಕ್ರೋಕ್ತಿಯಿಂದ ತಿವಿಯುವವಳು ಒಬ್ಬಳೆಂದು ಹೇಳಿ, ಪ್ರೌಢೆಯಾದ ಧೀರೆಯು ಮಾತ್ರ ಕೋಪವನ್ನು ಮರೆಮಾಡಿ ಮಿತಿಮೀರಿದ ಆದರವನ್ನು ತೋರುತ್ತ, ಪ್ರೇಮದಲ್ಲಿ ಉದಾಸೀನಳಾಗುವಳೆಂದು ನಿರೂಪಿಸಿರುವನು. ಅತಿವಿನಯವೇ ಆಯುಧವಾಗಬಲ್ಲದೆಂಬ ಈ ಒಳನೋಟ ಅಸಾಧಾರಣವಾದುದು. 'ನೀವು ದೊಡ್ಡೋರ್ರಿ, ನಮ್ದೇನೈತಿ' ಎಂದು ಕೈಮುಗಿದು ಪಕ್ಕಕ್ಕೆ ಸರಿದವರ ಮುಂದೆ ನಿಂತು ಬೆವರಿದವರೆಲ್ಲರಿಗೂ ಅದರ ಸತ್ಯ ವೇದ್ಯವಾದೀತು. ಹಾಗೆಯೇ ಹೊಗಳಿಕೆಯ ತೊಡವಿನಲ್ಲಿ ನಿಂದೆಯನ್ನೂ ನಿಂದೆಯ ತೊಡವಿನಲ್ಲಿ ಹೊಗಳಿಕೆಯನ್ನೂ ಇರಿಸುವ ವ್ಯಾಜಸ್ತುತಿಯೆಂಬ ಅಲಂಕಾರವನ್ನು ಲಾಕ್ಷಣಿಕರು ವಿವರಿಸಿದರು. ಹರಿದಾಸರು ದೇವರೊಡನೆಯೇ ಮುನಿಸಿಕೊಂಡು ನಿಂದಾಸ್ತುತಿಗಳನ್ನು ಹಾಡಿದರು.

ಕನ್ನಡದಲ್ಲಿ ಈ ವಿಷಯದ ಅತ್ಯಂತ ಪೂರ್ಣವಾದ ಚಿತ್ರ ಲಕ್ಷ್ಮೀಶನ 'ಜೈಮಿನಿ ಭಾರತ'ದ ಚಂಡಿಯ ಕಥೆ. ಉದ್ದಾಲಕ ಮುನಿಯ ಹೆಂಡತಿಯಾದ ಚಂಡಿಯು ಗಂಡ ಹೇಳಿದುದಕ್ಕೆಲ್ಲ ವಿಪರೀತವಾಗಿಯೇ ನಡೆಯುವಳು. ಬೇಸತ್ತ ಮುನಿಯು ಅತಿಥಿಯಾಗಿ ಬಂದ ಕೌಂಡಿನ್ಯನ ಸಲಹೆಯಂತೆ ತನಗೆ ಬೇಕಾದುದನ್ನು ಬೇಡವೆಂದೂ ಬೇಡವಾದುದನ್ನು ಬೇಕೆಂದೂ ಹೇಳಿ ಪಿತೃಶ್ರಾದ್ಧವನ್ನು ಸಾಂಗವಾಗಿ ನಡೆಯಿಸಿಕೊಳ್ಳುವನು. ಕೊನೆಯಲ್ಲಿ ಮೈಮರೆತು, ಪಿಂಡವನ್ನು ನೀರಿಗೆ ಹಾಕೆಂದು ನೇರವಾಗಿ ಹೇಳಿದೊಡನೆ ಅವಳು ಅದನ್ನು ತಿಪ್ಪೆಗೆ ಎಸೆಯಲು, ಕಲ್ಲಾಗೆಂದು ಶಪಿಸುವನು. ಬಹುಕಾಲದ ಮೇಲೆ ಅಶ್ವಮೇಧದ ಕುದುರೆ ಆ ಬಂಡೆಗೆ ತಗುಲಿ ನಿಲ್ಲುವುದು. ಅರ್ಜುನನ ಸ್ಪರ್ಶದಿಂದ ಅವಳಿಗೆ ಶಾಪವಿಮೋಚನೆಯಾಗುವುದು. ಹಟ ಹಿಡಿದ ಮಗುವನ್ನು ಕನ್ನಡಿಗರು ಇಂದಿಗೂ ಚಂಡಿ ಹಿಡಿದಿದೆ ಎನ್ನುತ್ತಾರೆ. ಆದರೆ ಕಥೆಯುದ್ದಕ್ಕೂ ಚಂಡಿಯನ್ನು ನಿನಗೇನಾಗಿದೆಯೆಂದು ಒಬ್ಬರೂ ಕೇಳಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಗಂಡನಿಗೆ ಉಪಾಯ ದೊರೆಯಿತು, ಅತಿಥಿಗೆ ಕನಿಕರ ಹುಟ್ಟಿತು, ಪಿತೃಗಳಿಗೆ ಪಿಂಡ ಬಹುಮಟ್ಟಿಗೆ ಸಂದಿತು. ಅವಳಿಗೆ ದೊರೆತುದು ಕಲ್ಲಿನ ಮೈ. ಮಾತಿಲ್ಲದ ಕೋಪದ ಕೊನೆಯ ರೂಪ ಕಲ್ಲೇ ಎಂಬ ಕಾರಣಕ್ಕಾಗಿ ಈ ಕಥೆ ಅದನ್ನು ಹೇಳಿದವರ ಉದ್ದೇಶವನ್ನು ಮೀರಿ ಅರ್ಥವತ್ತಾಗಿದೆ. ಇದರ ಪಕ್ಕದಲ್ಲಿ ಬೀಸುವ ಕಲ್ಲಿನ ಪದಗಳನ್ನು ಇಟ್ಟು ನೋಡಬೇಕು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದ ತ್ರಿಪದಿಗಳ ಜಾತಿಯ ಹಾಡುಗಳು ಉತ್ತರ ಕರ್ನಾಟಕದ ಊರೂರುಗಳಲ್ಲಿ ನಸುಕಿನಲ್ಲಿ ಹುಟ್ಟಿದವು. ಮನೆಯವರ ಮುಂದೆ ಆಡಲಾಗದುದನ್ನು ಹೆಣ್ಣುಮಕ್ಕಳು ಕಲ್ಲಿಗೆ ಹೇಳಿಕೊಂಡರು, ಕಲ್ಲು ಅದನ್ನು ಮನೆಯವರಿಗೆ ಕೇಳಿಸಿತು. ಅದೂ ಪರೋಕ್ಷವಾದ ಮಾತೇ. ಆದರೆ ಅಲ್ಲಿ ಕೋಪವು ಮಾತಾಯಿತು, ಹಾಡಿದವಳು ಕಲ್ಲಾಗಲಿಲ್ಲ.

ಕೊಪ್ಪಳದ ನೆಲಕ್ಕೆ ಸೇರಿದ ಇನ್ನೊಂದು ವಿಚಾರಧಾರೆ ಇಲ್ಲಿ ಉಲ್ಲೇಖಾರ್ಹ. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಈ ಊರು ಮಧ್ಯಯುಗದಲ್ಲಿ ಜೈನರ ಮಹಾತೀರ್ಥವಾಗಿದ್ದು, ಕಷಾಯಗಳನ್ನು ಗೆದ್ದು ದೇಹವನ್ನು ತ್ಯಜಿಸಲು ಸಾಧಕರು ಇಲ್ಲಿಯ ಬೆಟ್ಟಗಳಿಗೆ ಬರುತ್ತಿದ್ದರು. ಜೈನಶಾಸ್ತ್ರದಲ್ಲಿ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಚಾವುಂಡರಾಯನ ಸಮಕಾಲೀನನಾದ ನೇಮಿಚಂದ್ರನ 'ಗೊಮ್ಮಟಸಾರ'ವು ಕ್ರೋಧವನ್ನು ಅದರ ತೀವ್ರತೆಗಿಂತ ಅದು ಉಳಿಯುವ ಕಾಲದಿಂದ ಅಳೆಯುವಂತಹ ಉಪಮೆಗಳನ್ನು ಕೊಡುತ್ತದೆ: ಬಂಡೆಯ ಮೇಲೆ ಕೊರೆದ ಗೆರೆ, ನೆಲದ ಮೇಲಿನ ಗೆರೆ, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲಿನ ಗೆರೆ. ಮಾಯೆಗೆ, ಎಂದರೆ ವಂಚನೆಗೆ, ಬಿದಿರಿನ ಬೇರು, ಟಗರಿನ ಕೊಂಬು ಮೊದಲಾದ ಡೊಂಕುಗಳನ್ನು ಹೋಲಿಸುತ್ತದೆ. ಸಿಡುಕಿ ಕೂಗಾಡಿದವನ ಕೋಪ ಅನೇಕ ವೇಳೆ ನೀರಿನ ಗೆರೆ. ನಗುತ್ತ ಉಪಚರಿಸಿದವನದು ಬಂಡೆಯ ಗೆರೆಯಾಗಿರಬಹುದು. ಕ್ರೋಧವು ಮಾಯೆಯ ಡೊಂಕುದಾರಿಯನ್ನು ಹಿಡಿದಾಗ ಗೂಢಕೋಪವಾಗುವುದೆಂದು ಈ ಪರಿಭಾಷೆಯಲ್ಲಿ ಹೇಳಬಹುದಾಗಿದ್ದು, ಇದಕ್ಕಿಂತ ಕಿರಿದಾದ ನಿರ್ವಚನವನ್ನು ಈ ಲೇಖಕನು ಕಂಡಿಲ್ಲ.

ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಈ ಪರಿಕಲ್ಪನೆ ಹುಟ್ಟಿದುದು ಸೈನ್ಯದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಅಮೆರಿಕದ ಸೇನಾ ಮನೋವೈದ್ಯನಾದ ವಿಲಿಯಂ ಮೆನಿಂಜರನು, ಆಜ್ಞೆಯನ್ನು ಬಹಿರಂಗವಾಗಿ ಮೀರದೆ ಮುಖ ಊದಿಸಿಕೊಂಡು, ತಡಮಾಡಿ, ಮೊಂಡುತನದಿಂದ, ಅರ್ಧಂಬರ್ಧ ಕೆಲಸದಿಂದ ಆಜ್ಞೆಯನ್ನು ವ್ಯರ್ಥಗೊಳಿಸುವ ಯೋಧರನ್ನು ವರ್ಣಿಸಿದನು. ಅಮೆರಿಕದ ಮನೋವೈದ್ಯಸಂಘವು 1952ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಇದು ವ್ಯಕ್ತಿತ್ವದ ಒಂದು ವಿಕಾರವಾಗಿ ಸೇರಿತು. 1994ರ ನಾಲ್ಕನೆಯ ಆವೃತ್ತಿಯಲ್ಲಿ ಅನುಬಂಧಕ್ಕೆ ಸರಿಯಿತು. 2013ರ ಐದನೆಯ ಆವೃತ್ತಿಯಲ್ಲಿ ಪ್ರತ್ಯೇಕ ರೋಗವಾಗಿ ಉಳಿಯಲಿಲ್ಲ. ಸನ್ನಿವೇಶ ಬದಲಾದರೆ ಬದಲಾಗುವ ನಡತೆಯನ್ನು ವ್ಯಕ್ತಿಯ ರೋಗವೆನ್ನುವುದು ಯುಕ್ತವಲ್ಲವೆಂಬ ಆಕ್ಷೇಪಣೆ ಮೊದಲಿನಿಂದಲೂ ಇತ್ತು. ಬ್ಯಾರಕ್ಕಿನಲ್ಲಿ ಹುಟ್ಟಿದ ಪದವೆಂಬುದನ್ನು ನೆನೆದರೆ ಆ ಆಕ್ಷೇಪಣೆಯ ಬಲ ತಿಳಿಯುತ್ತದೆ: ಇಲ್ಲವೆನ್ನುವ ಹಕ್ಕು ಇಲ್ಲದ ಎಡೆಯಲ್ಲಿ ಹೌದೆಂದು ಹೇಳಿ ಮಾಡದಿರುವುದೊಂದೇ ಉಳಿದ ದಾರಿ.

ಇದೇ ಸತ್ಯವನ್ನು ಸಮಾಜಶಾಸ್ತ್ರದ ಕಡೆಯಿಂದ ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸನು ಮಲೇಷ್ಯದ ಒಂದು ಭತ್ತದ ಹಳ್ಳಿಯಲ್ಲಿ ವಾಸವಾಗಿದ್ದು ನಿರೂಪಿಸಿದನು. 1985ರಲ್ಲಿ ಹೊರಬಂದ ಅವನ ಗ್ರಂಥವು ಕಾಲೆಳೆಯುವಿಕೆ, ಸುಳ್ಳು ವಿಧೇಯತೆ, ತಿಳಿಯದಂತೆ ನಟಿಸುವಿಕೆ, ಚಿಲ್ಲರೆ ಕಳವು, ಬೆನ್ನ ಹಿಂದಣ ನಿಂದೆ ಇವನ್ನು ದುರ್ಬಲರ ಆಯುಧಗಳೆಂದು ಕರೆಯಿತು. ಕೊಪ್ಪಳ, ಯಲಬುರ್ಗಾ ಪ್ರಾಂತಗಳಿಗೆ ಈ ಮಾತು ಹೊಸದಲ್ಲ. ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿ ಈ ನೆಲ ದೀರ್ಘಕಾಲ ಉಳಿದಿತ್ತು. 1858ರಲ್ಲಿ ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದಂತಹ ಬಹಿರಂಗ ಕ್ರೋಧದ ಗಳಿಗೆಗಳು ಚರಿತ್ರೆಯಲ್ಲಿ ದಾಖಲಾಗುತ್ತವೆ. ಹೈದರಾಬಾದಿನ ಜಹಗೀರುಗಳು 1949ರಲ್ಲಿ ರದ್ದಾಗುವವರೆಗೆ ಬಿಟ್ಟಿ ಚಾಕರಿಗೆ ಕರೆದಾಗ ಕಿವುಡರಾದವರ, ಕರೆದ ಹೊತ್ತಿಗೆ ಬೇನೆ ಬಿದ್ದವರ, ಹೂಂಗುಟ್ಟಿ ಹೊಲದ ಬದುವಿನಲ್ಲಿ ಮಲಗಿದವರ ಕೋಪಕ್ಕೆ ಶಾಸನ ಹಾಕಿಸುವವರಾರು? 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಗೆ ಹರಿದು ಗಂಗಾವತಿ ಭತ್ತದ ಸೀಮೆಯಾದ ಮೇಲೆ ಆಳು ಒಡೆಯರ ಸಂಬಂಧ ಕೂಲಿಯ ಲೆಕ್ಕಕ್ಕೆ ಬಂದಿತಾದರೂ, ನಾಟಿಯ ಗದ್ದೆಯಲ್ಲಿ ಒಡೆಯ ಬೆನ್ನು ತಿರುಗಿಸಿದೊಡನೆ ಕೈ ನಿಧಾನವಾಗುವ ಪರಿ ಮಾತ್ರ ಹಳೆಯದೇ. ಕಚೇರಿಗಳಲ್ಲಿ ಇದು ಕಡತದ ರೂಪ ತಾಳುತ್ತದೆ. ಇಂದಿನ ದಿನಗಳಲ್ಲಿ ವಾಟ್ಸಾಪಿನ ಸಂದೇಶವನ್ನು ನೋಡಿಯೂ ಉತ್ತರಿಸದಿರುವುದು, ಹೆಸರು ಹೇಳದೆ ಸ್ಟೇಟಸ್ಸಿನಲ್ಲಿ ತಿವಿಯುವುದು ಇವು ಅದರ ಹೊಸ ವೇಷಗಳು.

ದುರ್ಬಲರ ಆಯುಧವೆಂಬ ಕಾರಣಕ್ಕೆ ಗೂಢಕೋಪವನ್ನೆಲ್ಲ ಸಮರ್ಥಿಸಲಾಗದು, ಏಕೆಂದರೆ ಬಲಿಷ್ಠರೂ ಅದನ್ನು ಹಿಡಿಯುತ್ತಾರೆ. ಅವರ ಕೈಯಲ್ಲಿ ಅದು ಕ್ರೌರ್ಯವಾಗುತ್ತದೆ. ಬಹಿಷ್ಕಾರವು ಇದರ ಸಾಮೂಹಿಕ ರೂಪ. ಯಾರೂ ಬಯ್ಯುವುದಿಲ್ಲ, ಯಾರೂ ಹೊಡೆಯುವುದಿಲ್ಲ. ದಲಿತರು ಬಂದ ಹೊತ್ತಿಗೆ ಹೋಟೆಲಿನ ಬಾಗಿಲು ಮುಚ್ಚಿರುತ್ತದೆ, ಕ್ಷೌರದಂಗಡಿಯವನು ಊರಲ್ಲಿರುವುದಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಇಂತಹ ನಿರಾಕರಣೆಗಳ ಹಿನ್ನೆಲೆಯಲ್ಲಿಯೇ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. ಕೊಪ್ಪಳದ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾನೂನಿಗೆ 2015ರಲ್ಲಿ ತಂದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಅಪರಾಧವೆಂದು ಹೆಸರಿಸಿದೆ. ಮನೆಯೊಳಗೂ ಹಾಗೆಯೇ: ಸೊಸೆಯ ಮೌನಕ್ಕೂ, ಹಣ, ಮನೆ, ಮಾತು ಮೂರೂ ತನ್ನ ಕೈಯಲ್ಲಿರುವ ಯಜಮಾನನು ತಿಂಗಳುಗಟ್ಟಲೆ ಹೇರುವ ಮೌನಕ್ಕೂ ಹೆಸರೊಂದೇ ಆದರೂ ಜಾತಿ ಬೇರೆ. ಮಕ್ಕಳಾಗಲಿಲ್ಲವೆಂದು ಮೂದಲಿಸುವುದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಹಿಂಸೆಯೆಂದೇ ಎಣಿಸುತ್ತದೆ.

ಸತ್ಯಾಗ್ರಹವನ್ನು ಇದರೊಡನೆ ಬೆರೆಸಬಾರದು. ದಕ್ಷಿಣ ಆಫ್ರಿಕದಲ್ಲಿ 1906ರಲ್ಲಿ ಆರಂಭವಾದ ಹೋರಾಟಕ್ಕೆ ನಿಷ್ಕ್ರಿಯ ಪ್ರತಿರೋಧವೆಂಬ ಹೆಸರು ಸಲ್ಲದೆಂದು ಗಾಂಧೀಜಿಯವರು ಹೊಸ ಶಬ್ದವನ್ನೇ ಹುಡುಕಿದರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪು ತೆಗೆದವರು ತಾವು ಕಾನೂನನ್ನು ಮುರಿಯುವೆವೆಂದು ಸಾರಿ ಮುರಿದರು, ಶಿಕ್ಷೆಯನ್ನು ಬೇಡಿ ಪಡೆದರು. ಹೊಣೆಯನ್ನು ಹೊರುವುದು ಅದರ ಜೀವ; ಹೊಣೆಯನ್ನು ಜಾರಿಸುವುದು ಗೂಢಕೋಪದ ಜೀವ.

ತಡವಾದುದೆಲ್ಲ ಕೋಪವಲ್ಲವೆಂಬ ಎಚ್ಚರಿಕೆಯೂ ಅವಶ್ಯ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಲಿನ ಬೆಟ್ಟಗಳನ್ನು ಜನ ಕಿಷ್ಕಿಂಧೆಯೆಂದು ನಂಬುತ್ತಾರೆ. ಮಳೆಗಾಲ ಕಳೆದರೂ ಸೀತೆಯನ್ನು ಅರಸಲು ಸುಗ್ರೀವನು ಬಾರದಿದ್ದಾಗ ಲಕ್ಷ್ಮಣನು ಅದನ್ನು ಕೃತಘ್ನತೆಯೆಂದು ತಿಳಿದು ಬಿಲ್ಲು ಹಿಡಿದು ಬಂದನು. ಅದು ಸುಖದಲ್ಲಿ ಮೈಮರೆತವನ ವಿಳಂಬವೇ ಹೊರತು ದ್ವೇಷದ್ದಲ್ಲವೆಂದು ತಾರೆಯು ವಿವರಿಸಿದ ಮೇಲೆ ಅವನ ಕೋಪ ಇಳಿಯಿತು. ಮರೆವು, ದಣಿವು, ಸಂಕೋಚ, ಖಿನ್ನತೆ ಇವೂ ಹೊರಗಿನಿಂದ ಮುನಿಸಿನಂತೆಯೇ ಕಾಣುವುವು. ವಾರಗಟ್ಟಲೆ ಮಾತು, ಊಟ, ನಿದ್ದೆಗಳು ಕೆಟ್ಟವರನ್ನು ಸೆಡವಿನವರೆಂದು ಜರೆಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ 1996ರಲ್ಲಿ ಆರಂಭವಾದುದು ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಸಂಸ್ಥೆ ನಡೆಸಿದ ಪ್ರಯೋಗದ ಮಾದರಿಯಲ್ಲಿಯೇ. 2022ರಿಂದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಮುನಿದವರನ್ನು ಒಲಿಸುವ ಉಪಾಯಗಳನ್ನು ಧನಂಜಯನು ಆರು ಬಗೆಯಾಗಿ ಹೇಳಿದ್ದಾನೆ: ಸವಿಮಾತು, ಸಖಿಯರನ್ನು ಒಲಿಸಿಕೊಳ್ಳುವುದು, ಕಾಣಿಕೆ, ಕಾಲಿಗೆರಗುವುದು, ಉಪೇಕ್ಷೆ, ಮನಸ್ಸನ್ನು ಬೇರೊಂದು ಭಾವಕ್ಕೆ ಹೊರಳಿಸುವುದು. ಇವು ನಾಟಕದ ಪ್ರಣಯಿಗಳಿಗೆ ಸಾಕು. ಸಂಸಾರದಲ್ಲಿ ಬೇಕಾದುದು ಏಳನೆಯದು, ಚಂಡಿಗೆ ದೊರೆಯದೆ ಹೋದದ್ದು: ಕೇಳುವುದು, ಕೇಳಿದ ಮೇಲೆ ಬಂದ ಉತ್ತರಕ್ಕೆ ಶಿಕ್ಷೆ ಕೊಡದಿರುವುದು. 'ಏನಿಲ್ಲ ಬಿಡ್ರಿ' ಎಂಬುದನ್ನು ಮೊದಲ ಸಲ ಒಪ್ಪಿಕೊಳ್ಳಬಾರದು. ಹತ್ತನೆಯ ಸಲ ಕೆದಕಲೂ ಬಾರದು.

ಮಾತು ಬಿಟ್ಟವರು ತಾವಾಗಿ ಮೊದಲು ಮಾತಾಡಿದರೆ ಸೋತಂತಾಗುವುದೆಂಬ ಅಂಜಿಕೆಯೇ ಎಷ್ಟೋ ಮುನಿಸುಗಳನ್ನು ಬಂಡೆಯ ಗೆರೆಯಾಗಿಸುತ್ತದೆ. ಅದಕ್ಕಾಗಿ ಈ ಸೀಮೆಯ ಜನ ವರ್ಷಕ್ಕೊಂದು ಸಂಜೆಯನ್ನು ಕಾದಿಟ್ಟಿದ್ದಾರೆ. ವಿಜಯದಶಮಿಯ ದಿನ ಊರ ಹೊರಗಿನ ಬನ್ನಿಯ ಗಿಡಕ್ಕೆ ಪೂಜೆಯಾದ ಮೇಲೆ ಎಲೆಗಳನ್ನು ತಂದು ಮನೆಮನೆಗೂ ಹೋಗಿ ಹಂಚುವರು. ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲಿಗೆರಗುವರು. ಅಂದು ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ; ತಪ್ಪು ಯಾರದೆಂದು ಕೇಳುವ ಪದ್ಧತಿಯಿಲ್ಲ. ವರ್ಷದಿಂದ ಮುಖ ತಿರುಗಿಸಿಕೊಂಡು ನಡೆದ ಅಣ್ಣತಮ್ಮಂದಿರೂ ಆ ಸಂಜೆ ಒಬ್ಬರ ಕೈಗೊಬ್ಬರು ಎಲೆಯನ್ನಿಟ್ಟು, 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂಬಷ್ಟನ್ನು ಮಾತ್ರ ಆಡುತ್ತಾರೆ.